‘ಡ್ರೈವ್‌ನಲ್ಲಿದೆ’ ಎಂದರೆ ಭದ್ರವಾಗಿದೆ ಎಂದೇ?

2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ಭಾರಿ ನೀರು ಹರಿದಾಗ ಹಂಪಿ ಬಳಿಯ ನಡುಗಡ್ಡೆ ವಿರೂಪಾಪುರಗಡ್ಡೆಯ ಸಂಪರ್ಕವೇ ಕಡಿಯಿತು. ಅಲ್ಲಿ ಸಿಲುಕಿದ ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಕರೆತರಬೇಕಾಯಿತು. ಮನುಷ್ಯರನ್ನು ಹೀಗೆ ಹೊತ್ತು ತರಬಹುದು. ನೆನೆದ ದಾಖಲಾತಿ ವಹಿಯನ್ನೋ ನೀರು ಹೊಕ್ಕ ಕಂಪ್ಯೂಟರನ್ನೋ ಉಳಿಸಿಕೊಳ್ಳುವುದು ಕಷ್ಟ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಶಾಲೆಗಳಲ್ಲೂ ಈಗ ಬಹಳಷ್ಟು ದಾಖಲೆಗಳು ಫೈಲ್‌ಗಳಾಗಿವೆ. ಮಗು ಬೆಳೆದು ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿ ಕೇಳುವಾಗ ಬೇಕಾಗುವ ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ದಾಖಲೆಯೇ ಆಧಾರ. ಆದ್ದರಿಂದ ಕೆಲವು ನಂಬಿಕೆಗಳನ್ನು ತಿದ್ದಿಕೊಳ್ಳಲೇಬೇಕು.

ತಪ್ಪು ಕಲ್ಪನೆ: ವಿದ್ಯಾರ್ಥಿಗಳ ವಿವರ ದಾಖಲಿಸುವ ಸರ್ಕಾರಿ ತಂತ್ರಾಂಶ ಸ್ಯಾಟ್ಸ್‌ಗೆ ಏರಿಸಿದರೆ ಮುಗಿಯಿತು, ಶಾಲೆಯಲ್ಲಿ ಏನೂ ಇಟ್ಟುಕೊಳ್ಳಬೇಕಿಲ್ಲ.

ಸತ್ಯ: ಸ್ಯಾಟ್ಸ್ ಕೇಳುವುದು ದಾಖಲಾತಿ, ಹಾಜರಾತಿ, ಅಂಕಗಳಂಥ ನಿಗದಿತ ವಿವರಗಳನ್ನು. ಶಾಲೆಯ ಪತ್ರವ್ಯವಹಾರ, ಸ್ಕ್ಯಾನ್ ಮಾಡಿಟ್ಟ ಹಳೆಯ ವಹಿಗಳು, ಪ್ರಶ್ನೆಪತ್ರಿಕೆಗಳು ಶಾಲೆಯದೇ ಹೊಣೆ.

ತಪ್ಪು ಕಲ್ಪನೆ: ಗೂಗಲ್ ಡ್ರೈವ್‌ನಲ್ಲಿದ್ದರೆ ಬ್ಯಾಕಪ್ ಆದಂತೆ.

ಸತ್ಯ: ಸಿಂಕ್ ಬೇರೆ, ಬ್ಯಾಕಪ್ ಬೇರೆ. ಸಿಂಕ್ ಇರುವ ಫೋಲ್ಡರ್‌ನಲ್ಲಿ ಕೈತಪ್ಪಿ ಅಳಿಸಿದ್ದು ಡ್ರೈವ್‌ನಲ್ಲೂ ಅಳಿಯುತ್ತದೆ. ಅದು ಟ್ರ್ಯಾಶ್‌ನಲ್ಲಿ 30 ದಿನ ಇದ್ದು ಆಮೇಲೆ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಅಳಿದ ಫೈಲು ಶಾಲೆ ತೆರೆದಾಗ ನೆನಪಾದರೆ ತಡವಾಯಿತು. ಇನ್ನೊಂದು ಅಪಾಯ, ಖಾತೆ ಯಾರ ಹೆಸರಿನಲ್ಲಿದೆ ಎಂಬುದು. ಮುಖ್ಯೋಪಾಧ್ಯಾಯರ ಸ್ವಂತ ಜಿಮೇಲ್‌ನಲ್ಲಿಟ್ಟ ಫೈಲುಗಳು ಅವರ ವರ್ಗಾವಣೆಯ ಜೊತೆಗೇ ಹೊರಟುಹೋಗುತ್ತವೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. ಖಾತೆ ಶಾಲೆಯ ಹೆಸರಿನಲ್ಲಿರಲಿ. ಅಧಿಕಾರ ವಹಿಸಿಕೊಡುವಾಗ ಬೀರುವಿನ ಕೀಲಿಯ ಜೊತೆ ಪಾಸ್‌ವರ್ಡನ್ನೂ ಒಪ್ಪಿಸಲಿ, ಬಂದವರು ಕೂಡಲೇ ಅದನ್ನು ಬದಲಿಸಲಿ.

ತಪ್ಪು ಕಲ್ಪನೆ: ಸರ್ಕಾರದ ಸರ್ವರ್ ಎಂದೂ ಕೆಡುವುದಿಲ್ಲ.

ಸತ್ಯ: ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ನೌಕರರು ಕಡತ ಇಡುತ್ತಿದ್ದ ‘ಜಿ-ಡ್ರೈವ್’ನ 858 ಟೆರಾಬೈಟ್ ಸುಟ್ಟುಹೋಯಿತು. ಗಾತ್ರ ದೊಡ್ಡದೆಂದು ಅದಕ್ಕೆ ಹೊರಗಡೆ ಬ್ಯಾಕಪ್ಪೇ ಇರಲಿಲ್ಲ. ತಂತ್ರಜ್ಞಾನದಲ್ಲಿ ಅಷ್ಟು ಮುಂದಿರುವ ದೇಶಕ್ಕೂ ಎರಡನೆಯ ಪ್ರತಿಯ ಕೊರತೆ ಇಷ್ಟು ದುಬಾರಿಯಾಯಿತು.

ತಪ್ಪು ಕಲ್ಪನೆ: ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ ಫೈಲು ಎಲ್ಲಿಗೂ ಹೋಗದು, ನಮ್ಮ ಮಕ್ಕಳ ಪಟ್ಟಿ ಯಾರಿಗೆ ಬೇಕು?

ಸತ್ಯ: ಸಿಆರ್‌ಪಿಯ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ವಾಟ್ಸ್‌ಆ್ಯಪ್ ಗ್ರೂಪು ಕಡತಕೋಣೆಯಲ್ಲ. ಸಕಾಲಕ್ಕೆ ಡೌನ್‌ಲೋಡ್ ಮಾಡದ ಫೈಲು ಮುಂದೆ ತೆರೆಯದು. ಜನ್ಮದಿನಾಂಕ, ಫೋನ್ ನಂಬರು, ಆಧಾರ್ ಇರುವ ಪಟ್ಟಿ ಒಮ್ಮೆ ಫಾರ್ವರ್ಡ್ ಆದರೆ ಹಿಂದಕ್ಕೆ ಬಾರದು. ಲಾಸ್ ಏಂಜಲೀಸ್‌ನ ಶಾಲಾ ವ್ಯವಸ್ಥೆಯ ಮೇಲೆ 2022ರಲ್ಲಿ ಸೈಬರ್ ದಾಳಿ ನಡೆಸಿದವರು ವಿದ್ಯಾರ್ಥಿಗಳ ದಾಖಲೆಗಳನ್ನೂ ಬಯಲಿಗೆ ಹಾಕಿದರು. ನಮ್ಮ 2023ರ ದತ್ತಾಂಶ ರಕ್ಷಣಾ ಕಾಯ್ದೆಯೂ 18 ತುಂಬದವರ ಮಾಹಿತಿಗೆ ವಿಶೇಷ ರಕ್ಷಣೆ ಕೊಟ್ಟಿದೆ. ಡ್ರೈವ್‌ನಿಂದ ಹಂಚುವಾಗ ‘ಲಿಂಕ್ ಇದ್ದ ಯಾರಾದರೂ’ ಎಂಬ ಆಯ್ಕೆ ಬಿಟ್ಟು, ಬೇಕಾದವರ ಇಮೇಲ್‌ಗೆ ಮಾತ್ರ ಅನುಮತಿ ಕೊಡಿ.

ತಪ್ಪು ಕಲ್ಪನೆ: ಫೈಲು ಉಳಿದರೆ ಓದಲು ಬಂದೇ ಬರುತ್ತದೆ.

ಸತ್ಯ: ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗೋಜಲು ಅಕ್ಷರಗಳಾಗಿ ಕಾಣುತ್ತದೆ. ಮುಖ್ಯವಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಇಡಿ.

ದಾರಿ ಸರಳ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಊರಾಚೆ. ಶಾಲೆಯ ಕಂಪ್ಯೂಟರು, ಶಾಲೆಯ ಹೆಸರಿನ ಡ್ರೈವ್, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಪಾಸ್‌ವರ್ಡ್ ಹಾಕಿಟ್ಟ ಹಾರ್ಡ್‌ಡಿಸ್ಕ್. ಅದೇ ಕೋಣೆಯ ಬೀರುವಿನಲ್ಲಿರುವ ಪೆನ್‌ಡ್ರೈವ್ ಊರಾಚೆಯ ಪ್ರತಿಯಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರಾ ರಜೆಯ ನಂತರ ಒಮ್ಮೆ ಆ ಹಾರ್ಡ್‌ಡಿಸ್ಕಿನಿಂದ ನಾಲ್ಕಾರು ಫೈಲು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ.