ವಿಡಿಯೋ ಆಟ ರಚಿಸಹೊರಟವರಿಗೆ

ಇಂಜಿನಿಯರಿಂಗ್ ಮುಗಿಸಿ ನೌಕರಿ ಹಿಡಿದ ಮಗನೋ ಮಗಳೋ ಒಂದು ರಾತ್ರಿ ಊಟದ ಹೊತ್ತಿನಲ್ಲಿ, “ಕೆಲಸ ಬಿಟ್ಟು ವಿಡಿಯೋ ಆಟವೊಂದನ್ನು ರಚಿಸುತ್ತೇನೆ” ಎಂದರೆ ಮನೆಯವರಿಗೆ ಹೇಗಾದೀತು? ಆಡುವುದಕ್ಕೇ ಬೈಸಿಕೊಳ್ಳುತ್ತಿದ್ದವರು ಆಟವನ್ನೇ ಕಸುಬಾಗಿ ಹಿಡಿಯುವೆವೆಂದಾಗ ತಂದೆಯ ತುತ್ತು ಕೈಯಲ್ಲೇ ಉಳಿಯುವುದು ಸಹಜ. ಆದರೂ ಈ ಮಾತು ಒಮ್ಮೆಗೇ ತಳ್ಳಿಹಾಕತಕ್ಕದ್ದಲ್ಲ; ಒಮ್ಮೆಗೇ ಒಪ್ಪತಕ್ಕದ್ದೂ ಅಲ್ಲ. ದೊಡ್ಡ ಕಂಪೆನಿಯ ಆಶ್ರಯವಿಲ್ಲದೆ ಒಬ್ಬಿಬ್ಬರೇ ರಚಿಸಿದ ಆಟಗಳು ಲೋಕವನ್ನೆಲ್ಲ ಸುತ್ತಿಬಂದುದುಂಟು.

ಅವುಗಳಲ್ಲಿ ಬಹು ಪ್ರಸಿದ್ಧವಾದುದು ‘ಸ್ಟಾರ್‌ಡ್ಯೂ ವ್ಯಾಲಿ’. ಇದನ್ನು ರಚಿಸಿದ ಅಮೆರಿಕದ ಎರಿಕ್ ಬ್ಯಾರೋನ್ 2011ರಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದರು. ಕೆಲಸ ಸಿಗಲಿಲ್ಲ. ಕೈ ಪಳಗಲೆಂದು, ತಾವು ಚಿಕ್ಕಂದಿನಲ್ಲಿ ಮೆಚ್ಚಿದ್ದ ‘ಹಾರ್ವೆಸ್ಟ್ ಮೂನ್’ ಎಂಬ ಜಪಾನಿ ಬೇಸಾಯದ ಆಟದ ಜಾಡಿನಲ್ಲಿ ಪುಟ್ಟದೊಂದನ್ನು ರಚಿಸತೊಡಗಿದರು. ಕೆಲವು ತಿಂಗಳಲ್ಲಿ ಮುಗಿಯಬಹುದೆಂದುಕೊಂಡ ಕೆಲಸ ನಾಲ್ಕೂವರೆ ವರ್ಷ ಹಿಡಿಯಿತು. ಪ್ರೋಗ್ರಾಂ, ಚಿತ್ರ, ಸಂಗೀತ, ಪಾತ್ರಗಳ ಮಾತು, ಎಲ್ಲವೂ ಅವರೊಬ್ಬರದೇ. ಬರೆದ ಚಿತ್ರಗಳನ್ನು ಅಳಿಸಿ ಮತ್ತೆ ಮತ್ತೆ ಬರೆದರು. ಆ ನಡುವೆ ಸಿಯಾಟಲ್ ನಗರದ ಪ್ಯಾರಮೌಂಟ್ ಥಿಯೇಟರಿನಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸ ಮಾಡಿದರು. ಸಂಗಾತಿಯ ದುಡಿಮೆಯೂ ಸೇರಿ ಮನೆ ನಡೆಯಿತು. 2016ರ ಫೆಬ್ರವರಿಯಲ್ಲಿ ಆಟ ಹೊರಬಂದು ಎರಡೇ ತಿಂಗಳಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. 2024ರ ಕೊನೆಯ ಹೊತ್ತಿಗೆ ನಾಲ್ಕು ಕೋಟಿಯನ್ನು ಮೀರಿತ್ತು.

ಈ ವೃತ್ತಾಂತ ಕೇಳಿದ ತರುಣರು ನಾಲ್ಕು ಕೋಟಿಯನ್ನು ನೆನಪಿಡುತ್ತಾರೆ, ಹಿರಿಯರು ನಾಲ್ಕೂವರೆ ವರ್ಷವನ್ನು. ಹಿರಿಯರ ಲೆಕ್ಕವೇ ಉಪಯುಕ್ತವೆಂದು ನನ್ನ ಎಣಿಕೆ. ಏಕೆಂದರೆ ಈ ಕಸುಬಿನಲ್ಲಿ ಇಂದು ದುಬಾರಿಯಾಗಿ ಉಳಿದಿರುವುದು ಕಾಲವೊಂದೇ. ಸಲಕರಣೆಗಳೆಲ್ಲ ಹೆಚ್ಚುಕಡಿಮೆ ಪುಕ್ಕಟೆ.

ಸಲಕರಣೆಗಳಲ್ಲಿ ಮುಖ್ಯವಾದುದು ‘ಎಂಜಿನ್’. ಚಿತ್ರವನ್ನು ತೆರೆಯ ಮೇಲೆ ನಡೆಸುವ, ಗೋಡೆಗೆ ತಾಕಿದರೆ ನಿಲ್ಲಿಸುವ, ಕೀಲಿ ಒತ್ತಿದರೆ ಓಗೊಡುವ ಸಿದ್ಧ ವ್ಯವಸ್ಥೆಯಿದು. ಅರ್ಜೆಂಟೀನಾದ ಇಬ್ಬರು ಆರಂಭಿಸಿ 2014ರಲ್ಲಿ ಸರ್ವರಿಗೂ ಬಿಟ್ಟುಕೊಟ್ಟ ‘ಗೋಡೋ’ ಎಂಜಿನ್ನಿಗೆ ಬೆಲೆಯೂ ಇಲ್ಲ, ಗಳಿಕೆಯಲ್ಲಿ ಪಾಲೂ ಇಲ್ಲ. ‘ಯೂನಿಟಿ’ಯೂ ಚಿಕ್ಕ ಆದಾಯದವರಿಗೆ ಉಚಿತವೇ, ಆದರೆ ಆಟವನ್ನು ಇಳಿಸಿಕೊಂಡ ಲೆಕ್ಕದಲ್ಲಿ ಶುಲ್ಕ ವಿಧಿಸುವೆವೆಂದು ಆ ಕಂಪೆನಿ 2023ರ ಸೆಪ್ಟೆಂಬರಿನಲ್ಲಿ ಸಾರಿ, ದೊಡ್ಡ ಕೋಲಾಹಲವಾದ ಮೇಲೆ 2024ರಲ್ಲಿ ಅದನ್ನು ಕೈಬಿಟ್ಟಿತು. ಎಂಜಿನ್ ಯಾವುದೇ ಇರಲಿ, ಅದರ ಕರಾರು ಪತ್ರವನ್ನು ಮನೆಯ ಬಾಡಿಗೆಯ ಪತ್ರದಷ್ಟೇ ಎಚ್ಚರದಿಂದ ಓದಬೇಕು. ಚಿತ್ರಕ್ಕೆ ಕ್ರೀಟಾ, ಮೂರು ಆಯಾಮದ ಆಕೃತಿಗಳಿಗೆ ಬ್ಲೆಂಡರ್, ಧ್ವನಿಗೆ ಆಡಾಸಿಟಿ, ಇವೆಲ್ಲ ಉಚಿತ. ಚಿತ್ರ ಬರೆಯಲು ಬಾರದವರಿಗೆ, ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಚಿತ್ರಗಳ ದೊಡ್ಡ ಸಂಗ್ರಹವನ್ನೇ ‘ಕೆನ್ನಿ’ ಎಂಬ ಹೆಸರಿನಲ್ಲಿ ಇಟ್ಟಿದ್ದಾರೆ.

ಹೊಸಬರು ಎಡವುವುದು ಇಲ್ಲಿಯೇ. ಕೈಗೆ ಎಲ್ಲವೂ ಸಿಕ್ಕಿತೆಂದು ಮೊದಲ ಯತ್ನದಲ್ಲೇ ಮಹಾಭಾರತಕ್ಕೆ ಕೈಹಾಕುತ್ತಾರೆ. ಮೊದಲ ಆಟ ಅಳಗುಳಿಮಣೆಯಾಗಲಿ: ಹದಿನಾಲ್ಕು ಗುಳಿ, ಒಂದಿಷ್ಟು ಹುಣಿಸೆಬೀಜ, ಅಜ್ಜಿಗೂ ಗೊತ್ತಿರುವ ನಿಯಮ. ಇಷ್ಟನ್ನೇ ಮುಗಿಸಹೊರಟಾಗ ಆರಂಭದ ಪುಟ, ಸದ್ದು ಕಡಮೆ ಮಾಡುವ ಗುಂಡಿ, ಅರ್ಧಕ್ಕೆ ಬಿಟ್ಟ ಆಟವನ್ನು ಉಳಿಸಿಡುವ ಏರ್ಪಾಟು ಮುಂತಾದ ಬೇಸರದ ಕೆಲಸಗಳು ಎಷ್ಟು ದಿನ ತಿನ್ನುವುವೆಂಬುದು ತಿಳಿದುಬರುತ್ತದೆ. 2002ರಿಂದ ನಡೆದುಬಂದಿರುವ ‘ಲೂಡಂ ಡೇರ್’ ಎಂಬ ಪಂದ್ಯದಲ್ಲಿ ಒಬ್ಬರೇ 48 ಗಂಟೆಗಳಲ್ಲಿ ಆಟವನ್ನು ರಚಿಸಿ ಮುಗಿಸುವ ಕಟ್ಟುಪಾಡಿತ್ತು. ಆ ಬಗೆಯ ಪಂದ್ಯಗಳು ಇಂದು ಹೇರಳ. ಬಹುಮಾನಕ್ಕಲ್ಲದಿದ್ದರೂ ಮುಗಿಸುವ ಅಭ್ಯಾಸಕ್ಕಾಗಿ ಭಾಗವಹಿಸಬೇಕು. ಮುಗಿದ ಆಟವನ್ನು ಅಪರಿಚಿತರ ಕೈಗಿತ್ತು ಬಾಯಿ ಬಿಗಿಹಿಡಿದು ನೋಡುತ್ತ ಕೂರಬೇಕು. ಅವರು ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಬೇಕು. ತಾಯಿ, ಗೆಳೆಯರ ಮೆಚ್ಚುಗೆಯನ್ನು ಈ ಲೆಕ್ಕಕ್ಕೆ ಹಿಡಿಯಲಾಗದು.

ಇನ್ನು ಮಾರಾಟ. ‘ಸ್ಟೀಮ್’ ಎಂಬ ಅಂಗಡಿ ಪ್ರತಿ ಆಟಕ್ಕೂ 100 ಡಾಲರ್ ಪ್ರವೇಶಧನ ಕೇಳುತ್ತದೆ. ಮಾರಾಟ ಸಾವಿರ ಡಾಲರ್ ಮುಟ್ಟಿದರೆ ಅದನ್ನು ಮರಳಿಸುತ್ತದೆ. ಗಳಿಕೆಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಅದರ ಪಾಲು. ‘ಇಚ್’ ಎಂಬ ಇನ್ನೊಂದು ಅಂಗಡಿಯಲ್ಲಿ ಪ್ರವೇಶಧನವಿಲ್ಲ. ಅಂಗಡಿಗೆ ಎಷ್ಟು ಪಾಲೆಂಬುದನ್ನು ಆಟದ ಕರ್ತೃವೇ ಗೊತ್ತುಮಾಡಬಹುದು. ಎರಡರಲ್ಲೂ, ಆಟ ಸಿದ್ಧವಾಗುವ ಎಷ್ಟೋ ತಿಂಗಳು ಮೊದಲೇ ಅದರ ಪುಟವನ್ನು ತೆರೆದಿಟ್ಟು ಜನರ ಕಣ್ಣಿಗೆ ಬೀಳಿಸುವುದು ಜಾಣತನ.

ಕೆಲಸ ಬಿಡುವ ಪ್ರಶ್ನೆ ಇದರ ಅನಂತರ ಬರತಕ್ಕದ್ದು. ‘ಅಂಡರ್‌ಟೇಲ್’ ರಚಿಸಿದ ಟೋಬಿ ಫಾಕ್ಸ್ 2013ರಲ್ಲಿ ಆಟದ ಒಂದು ಭಾಗವನ್ನು ಉಚಿತವಾಗಿ ಹಂಚಿದರು. ಅದೇ ವರ್ಷ ‘ಕಿಕ್‌ಸ್ಟಾರ್ಟರ್’ ಮೂಲಕ ಸಾರ್ವಜನಿಕರಿಂದ 5,000 ಡಾಲರ್ ಕೇಳಿದರು. ಬಂದದ್ದು 51,000ಕ್ಕೂ ಮಿಗಿಲು. ಪೂರ್ತಿ ಆಟ ಹೊರಬಂದುದು 2015ರಲ್ಲಿ. ಹೀಗೆ ಮಾದರಿಯನ್ನು ಆಡಿದ ಅಪರಿಚಿತರು ಮುಂದಿನ ಭಾಗಕ್ಕಾಗಿ ಕಾದಿರುವರೆಂದು ಕಂಡಾಗ ಮಾತ್ರ ಮನೆಯವರೊಡನೆ ಕೂತು, ಎಷ್ಟು ತಿಂಗಳು, ಯಾವ ಉಳಿತಾಯದಿಂದ, ಯಾವ ತಾರೀಖಿನವರೆಗೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಅಲ್ಲಿಯವರೆಗೆ ರಾತ್ರಿಯ ಎರಡು ಗಂಟೆ, ಭಾನುವಾರದ ಬೆಳಗು ಸಾಲದೆ?

ಕನ್ನಡದಲ್ಲಿ ಆಟ ರಚಿಸಬೇಕೆಂಬವರಿಗೆ ಇನ್ನೊಂದು ಮಾತು. ಹಲವು ಎಂಜಿನ್‌ಗಳಿಗೆ ನಮ್ಮ ಒತ್ತಕ್ಷರಗಳ ಜೋಡಣೆ ಬಾರದು. ಅಕ್ಷರಗಳು ಬಿಡಿಬಿಡಿಯಾಗಿ ಚೆಲ್ಲುತ್ತವೆ. 2023ರಲ್ಲಿ ಬಂದ ಗೋಡೋದ ನಾಲ್ಕನೆಯ ಆವೃತ್ತಿ ಇದನ್ನು ಬಲ್ಲದು. ಎಂಜಿನ್ ಆರಿಸಿದ ದಿನವೇ ‘ಸ್ತ್ರೀ’, ‘ರಾಷ್ಟ್ರ’, ‘ಕರ್ತೃ’ ಎಂಬ ಮೂರು ಪದಗಳನ್ನು ತೆರೆಯ ಮೇಲೆ ಮೂಡಿಸಿ ನೋಡಿ. ಮೂಡದಿದ್ದರೆ ಅಂದೇ ಬೇರೊಂದನ್ನು ಹುಡುಕಬಹುದು.