ಜಲಪಾತ ಮತ್ತು ಸುರುಳಿ

ಗಣಕಯಂತ್ರವು ತಾನಾಗಿ ಏನನ್ನೂ ಮಾಡಲಾರದು; ಮನುಷ್ಯನು ಬರೆದುಕೊಟ್ಟ ಆದೇಶಗಳಂತೆ ನಡೆಯುತ್ತದೆ. ಈ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ದೊಡ್ಡ ತಂತ್ರಾಂಶವೊಂದನ್ನು ರಚಿಸಲು ನೂರಾರು ಜನರು ವರ್ಷಗಟ್ಟಲೆ ದುಡಿಯಬೇಕಾಗುತ್ತದೆ. ಅವರ ಕೆಲಸ ಯಾವ ಕ್ರಮದಲ್ಲಿ ಸಾಗಬೇಕು?

ಒಂದು ಕ್ರಮವು ಮನೆ ಕಟ್ಟುವವರದನ್ನು ಹೋಲುತ್ತದೆ. ಬೇಕಾದುದೇನೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು, ವಿನ್ಯಾಸವನ್ನು ಸಿದ್ಧಪಡಿಸಿ, ಅನಂತರ ಆದೇಶಗಳನ್ನು ಬರೆದು, ಕಡೆಯಲ್ಲಿ ಪರೀಕ್ಷಿಸಿ ಬಳಕೆಗೆ ಒಪ್ಪಿಸುವುದು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಧುಮುಕುವ ನೀರಿನಂತೆ ಕೆಲಸವು ಕೆಳಮುಖವಾಗಿಯೇ ಹರಿಯುವುದರಿಂದ ಇದಕ್ಕೆ ಜಲಪಾತ ಮಾದರಿಯೆಂಬ ಹೆಸರು ಬಂದಿತು. ನೋಡುವುದಕ್ಕೆ ಇದು ಬಲು ಅಚ್ಚುಕಟ್ಟು. ಆದರೆ ಮೊದಲ ಮೆಟ್ಟಿಲಿನಲ್ಲಿ ನುಸುಳಿದ ತಪ್ಪು ಎಷ್ಟೋ ವೇಳೆ ಕಟ್ಟಕಡೆಯ ಪರೀಕ್ಷೆಯವರೆಗೆ ಕಣ್ಣಿಗೆ ಬೀಳದು. ಆಗ ತಿದ್ದಹೊರಟರೆ ಕಟ್ಟಿದುದನ್ನೆಲ್ಲ ಕೆಡವಬೇಕಾದೀತು.

ಈ ಮಾದರಿಯ ಜನಕರೆಂದು ಅಮೆರಿಕದ ವಿನ್‌ಸ್ಟನ್ ರಾಯ್ಸ್ ಅವರನ್ನು ಹೆಸರಿಸುವುದು ವಾಡಿಕೆ. ವ್ಯೋಮನೌಕೆಗಳ ತಂತ್ರಾಂಶದಲ್ಲಿ ಪಳಗಿದ್ದ ಅವರು 1970ರ ಪ್ರಬಂಧವೊಂದರಲ್ಲಿ 7 ಮೆಟ್ಟಿಲುಗಳ ಚಿತ್ರವನ್ನು ಬರೆದದ್ದು ನಿಜ. ಆದರೆ ಅದರ ಬೆನ್ನಿಗೇ, ಇದನ್ನು ಇದ್ದಂತೆಯೇ ಅನುಸರಿಸುವುದು ಸೋಲನ್ನು ಕರೆದಂತೆ ಎಂದು ಎಚ್ಚರಿಸಿದರು. 30 ತಿಂಗಳ ಕೆಲಸವಾದರೆ 10 ತಿಂಗಳಲ್ಲಿ ಒಂದು ಚಿಕ್ಕ ಪ್ರಯೋಗರೂಪವನ್ನು ರಚಿಸಿ, ಅದರಿಂದ ಕಲಿತು ನಿಜವಾದುದಕ್ಕೆ ಕೈಹಾಕಬೇಕೆಂಬುದು ಅವರ ಸಲಹೆ. ಜಲಪಾತವೆಂಬ ಮಾತೇ ಆ ಪ್ರಬಂಧದಲ್ಲಿಲ್ಲ! ಚಿತ್ರವನ್ನು ನೋಡಿದವರಲ್ಲಿ ಅನೇಕರು ಮುಂದಿನ ಪುಟಗಳನ್ನು ಓದಲಿಲ್ಲವೆಂದು ತೋರುತ್ತದೆ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ಹೊರಡಿಸಿದ ನಿಯಮಾವಳಿಯೂ ಮೆಟ್ಟಿಲುಗಳ ಕ್ರಮವನ್ನೇ ಹಿಡಿಯಿತು.

1988ರಲ್ಲಿ ಬ್ಯಾರಿ ಬೋಹ್ಮ್ ಅವರು ವಿವರಿಸಿದ ಸುರುಳಿ ಮಾದರಿಯ ದಾರಿ ಬೇರೆ. ಇಲ್ಲಿ ಕೆಲಸವು ಸುತ್ತು ಸುತ್ತಾಗಿ ಬೆಳೆಯುತ್ತದೆ. ಪ್ರತಿ ಸುತ್ತಿನ ಆರಂಭದಲ್ಲಿಯೇ, ಎಲ್ಲಿ ಕೆಡುಕಾಗಬಹುದೆಂಬುದನ್ನು ಹುಡುಕಿ, ಅದಕ್ಕೆ ಪರಿಹಾರ ಕಂಡುಕೊಂಡು ಮುಂದುವರಿಯಬೇಕು. 2001ರಲ್ಲಿ ಅಮೆರಿಕದ ಯೂಟಾ ಪ್ರಾಂತದಲ್ಲಿ ಸೇರಿದ 17 ಮಂದಿ ತಜ್ಞರು ಪ್ರಕಟಿಸಿದ ‘ಅಜೈಲ್’ ಘೋಷಣೆಯ ಮೇರೆಗೆ, ಕೆಲವೇ ವಾರಗಳಿಗೊಮ್ಮೆ ಬಳಸಬಲ್ಲ ತಂತ್ರಾಂಶವನ್ನು ಗಿರಾಕಿಗಳ ಮುಂದಿಟ್ಟು ಅವರ ಅಭಿಪ್ರಾಯದಂತೆ ತಿದ್ದುವ ಪದ್ಧತಿ ಹಬ್ಬಿತು. ತಪ್ಪು ಎಳೆಯದಾಗಿರುವಾಗಲೇ ಸಿಕ್ಕಿಬೀಳುತ್ತದೆ.

ಹಾಗೆಂದು ಮೆಟ್ಟಿಲುಗಳು ನಿರುಪಯುಕ್ತವೇನಲ್ಲ. ಹೃದಯದ ಬಡಿತವನ್ನು ಕಾಪಾಡುವ ಸಾಧನದ ತಂತ್ರಾಂಶವನ್ನು ಅರೆಬರೆಯಾಗಿ ರೋಗಿಗೆ ಕೊಟ್ಟು ನೋಡಲಾದೀತೆ? ಅಲ್ಲಿ ಆ ಕಟ್ಟುನಿಟ್ಟು ಬೇಕೇ ಬೇಕು.

ರಾಯ್ಸ್ ಅವರ ಎಚ್ಚರಿಕೆಗೆ ಮನ್ನಣೆ ದೊರೆತದ್ದು ನಿಧಾನವಾಗಿ. ಅದೇ ರಕ್ಷಣಾ ಇಲಾಖೆಯು ಹಳೆಯ ನಿಯಮವನ್ನು ಕೈಬಿಟ್ಟು, ಹಂತಹಂತವಾಗಿ ಬೆಳೆಸುವುದಕ್ಕೂ ಎಡೆಗೊಡುವ ಹೊಸ ನಿಯಮವನ್ನು 1994ರ ಡಿಸೆಂಬರಿನಲ್ಲಿ ಹೊರಡಿಸಿತು. ಮರುವರ್ಷವೇ ರಾಯ್ಸ್ ತೀರಿಕೊಂಡರು.