ಗೇರ್‌ಬಾಕ್ಸಿಗೆ ಚಕ್ರದ ಮಣೆ



ಊಟಕ್ಕೆ ಕೂರುವ ಮಣೆ, ಈಳಿಗೆ ಮಣೆ, ಹಸೆಮಣೆ ಇವೆಲ್ಲ ನಿಮಗೆ ಗೊತ್ತು. ನಾನು ಈ ಸಲ ಬರೆಯುತ್ತಿರುವುದು ಗೇರ್‌ಬಾಕ್ಸ್ ಕೂರುವ ಮಣೆಯ ಬಗ್ಗೆ. ಅದಕ್ಕೆ ಕೆಳಗೆ ನಾಲ್ಕು ಚಕ್ರ ಇದೆ. ಗ್ಯಾರೇಜಿನವರು ಅದನ್ನ ಟ್ರಾಲಿ ಅಂತಾರೆ, ನಮ್ಮ ಅತ್ತೆ ಮಾತ್ರ ಚಕ್ರದ ಮಣೆ ಅಂತಾರೆ. ನನಗೆ ಅತ್ತೆ ಇಟ್ಟ ಹೆಸರೇ ಇಷ್ಟ. ದಸರಾ ರಜೆಯಲ್ಲಿ ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿರುವ ಸೋದರಮಾವನ ಮನೆಗೆ ಹೋಗಿದ್ದಾಗ ಅದನ್ನು ಮಾಡಿದ್ದನ್ನ ಮೊದಲಿಂದ ಕೊನೇತನಕ ನೋಡಿದೆ. ಭಾರ ಎತ್ತುವ ಕೆಲಸಕ್ಕೆ ಮಾವ ನನ್ನ ಹತ್ತಿರಕ್ಕೂ ಸೇರಿಸಲಿಲ್ಲ. ಟೇಪು ಹಿಡಿಯೋದು, ಲೆಕ್ಕ ಬರೆಯೋದು ನನ್ನ ಕೆಲಸ. "ಹೆಣ್ಣುಮಗೂಗೆ ಗ್ರೀಸ್ ಮೆತ್ತಿಸಿ ಕಳಿಸ್ತೀಯಲ್ಲ, ಅವರಮ್ಮ ಏನಂತಾಳೆ" ಅಂತ ಅತ್ತೆ ಮಾವನನ್ನ ದಿನಾ ಬೈಯೋರು.

ಸುದ್ದಗುಂಟೆಪಾಳ್ಯ ಇರುವುದು ಡೈರಿ ಸರ್ಕಲ್ ಹತ್ತಿರ. ಒಂದು ಕಡೆ ಹೊಸೂರು ರಸ್ತೆ, ಇನ್ನೊಂದು ಕಡೆ ಬನ್ನೇರುಘಟ್ಟ ರಸ್ತೆ. ಕ್ರೈಸ್ಟ್ ವಿಶ್ವವಿದ್ಯಾಲಯ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಹಳೇ ಮನೆ ಕೆಡವಿ ಹುಡುಗ ಹುಡುಗಿಯರಿಗೆ ಪಿ.ಜಿ. ಕಟ್ಟುವುದು ಜಾಸ್ತಿ. ಮಾವನ ಗ್ಯಾರೇಜು ಒಂದು ಸಂದಿಯಲ್ಲಿದೆ. ತರಕಾರಿ, ಗ್ಯಾಸ್ ಸಿಲಿಂಡರ್, ಮನೆ ಸಾಮಾನು ಸಾಗಿಸುವ ಮಿನಿ ಲಾರಿಗಳು ಅಲ್ಲಿಗೆ ಬರುತ್ತವೆ. ಎರಡು ಗಾಡಿ ನಿಂತರೆ ಮುಗೀತು, ಮೂರನೆಯದು ಬೀದಿಯಲ್ಲಿ.

ಗೇರ್‌ಬಾಕ್ಸ್ ಅಂದರೆ ಇಂಜಿನ್ನಿನ ವೇಗವನ್ನು ಚಕ್ರಕ್ಕೆ ಬೇಕಾದ ಹಾಗೆ ಹೆಚ್ಚು ಕಡಿಮೆ ಮಾಡಿ ಕೊಡುವ ಪೆಟ್ಟಿಗೆ. ಒಳಗೆಲ್ಲಾ ಉಕ್ಕಿನ ಹಲ್ಲುಚಕ್ರಗಳು. ಅದು ಕೆಡದೆ ಇದ್ದರೂ ಇಳಿಸಬೇಕಾಗುತ್ತೆ. ಯಾಕೆ ಅಂದರೆ ಕ್ಲಚ್ಚು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಕೂತಿರುತ್ತೆ. ಕ್ಲಚ್ ಪ್ಲೇಟು ಸವೆದರೆ ಗೇರ್‌ಬಾಕ್ಸ್ ತೆಗೆಯದೆ ಕೈ ಹಾಕೋಕೇ ಆಗಲ್ಲ. ಹಾಗಾಗಿ ತಿಂಗಳಿಗೆ ನಾಲ್ಕೈದು ಸಲ ಗೇರ್‌ಬಾಕ್ಸನ್ನು ಗಾಡಿ ಕೆಳಗಿಂದ ಮೇಜಿಗೆ, ಮೇಜಿಂದ ಗಾಡಿ ಕೆಳಕ್ಕೆ ಇಬ್ಬರು ಹೊತ್ತುಕೊಂಡು ಓಡಾಡಬೇಕು.

ನಾನು ಹೋಗುವುದಕ್ಕೆ ಹದಿನೈದು ದಿನ ಮುಂಚೆ ಹಾಗೆ ಹೊರುವಾಗಲೇ ಅಲ್ಲಿ ಕೆಲಸ ಮಾಡುವ ಅಣ್ಣನ ಕೈ ಎಣ್ಣೆಗೆ ಜಾರಿ, ಗೇರ್‌ಬಾಕ್ಸ್ ಅವರ ಎಡಗಾಲ ಮೇಲೆ ಬಿದ್ದಿತ್ತು. ಎರಡು ಬೆರಳಿನ ಮೂಳೆ ಮುರಿದಿತ್ತು. ಅವರಿಗೆ ದಿನಗೂಲಿ. ಕೆಲಸಕ್ಕೆ ಬರದ ದಿನ ಮಾವ ಅರ್ಧ ಕೂಲಿ ಕೊಟ್ಟು ಕಳಿಸುತ್ತಿದ್ದರು, ಆದರೆ ಆ ಅಣ್ಣನ ಮನೆ ನಡೆಯೋದೇ ಕಷ್ಟವಾಗಿತ್ತು ಅಂತ ಅತ್ತೆ ಹೇಳಿದರು. ಮಾವನಿಗೂ ಮೊದಲೇ ಸೊಂಟ ನೋವು. ಈಗ ಹೊರೋಕೆ ಇನ್ನೊಂದು ಜೊತೆ ಕೈಯೇ ಇರಲಿಲ್ಲ. ಬಂದ ಗಾಡಿಗಳನ್ನ ವಾಪಸ್ ಕಳಿಸಬೇಕಾದ ಪರಿಸ್ಥಿತಿ.

ಮೊದಲು ಗೇರ್‌ಬಾಕ್ಸನ್ನು ಗುಜರಿ ಅಂಗಡಿಯಲ್ಲಿ ತೂಗಿಸಿದೆವು. 68 ಕೆ.ಜಿ. ಬಂತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂತ ಒಂದಿದೆ. ಅದು 1967ರಲ್ಲೇ, ಒಬ್ಬ ಗಂಡಾಳಿನ ಕೈಯಲ್ಲಿ 55 ಕೆ.ಜಿ.ಗಿಂತ ಹೆಚ್ಚು ಹೊರಿಸುವ ಪದ್ಧತಿ ಇದ್ದರೆ ಅದನ್ನು ಬೇಗ ಕಡಿಮೆ ಮಾಡಬೇಕು, ಹೆಂಗಸರಿಗೆ ಅದಕ್ಕಿಂತಲೂ ತುಂಬ ಕಡಿಮೆ ಇರಬೇಕು ಅಂತ ಶಿಫಾರಸು ಮಾಡಿದೆ. ಇಬ್ಬರು ಹಿಡಿದರೆ ತಲಾ 34 ಕೆ.ಜಿ. ತಾನೆ, ಏನು ಮಹಾ ಅನ್ನಿಸಬಹುದು. ಆದರೆ ತುಂಬಿದ ಬಿಂದಿಗೆಯನ್ನ ಸೊಂಟದ ಮೇಲೆ ಇಟ್ಟುಕೊಂಡು ಎಷ್ಟು ದೂರ ಬೇಕಾದರೂ ಬರುತ್ತೀವಿ. ಅದನ್ನೇ ಕೈ ನೀಡಿ ಮುಂದಕ್ಕೆ ಹಿಡಿದುಕೊಂಡು ಹತ್ತು ಹೆಜ್ಜೆ ಇಡಿ ನೋಡೋಣ! ಮೈಯಿಂದ ದೂರ ಹೋದಷ್ಟೂ ಭಾರ ಬೆನ್ನನ್ನ ಜಾಸ್ತಿ ಎಳೆಯುತ್ತೆ. ಗೇರ್‌ಬಾಕ್ಸಿಗೆ ಹಿಡಿಯೋಕೆ ಸರಿಯಾದ ಕಿವಿಯೂ ಇಲ್ಲ, ಬಗ್ಗಿ ಹಿಡೀಬೇಕು.

ಚಕ್ರ ಹಾಕಿದರೆ ನಿಜವಾಗಿ ಎಷ್ಟು ಸಲೀಸು ಅಂತ ಅಳೆದು ನೋಡಿದ್ದು ನನ್ನ ಆಸೆಗೆ. ರದ್ದಿ ಪೇಪರಿನವರ ಹತ್ತಿರ ಇರುತ್ತಲ್ಲ, ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ, ಅದನ್ನ ಬೇಡಿ ತಂದೆ. ಗೇರ್‌ಬಾಕ್ಸನ್ನು ಗೋಣಿಚೀಲದ ಮೇಲೆ ಇಟ್ಟು, ಚೀಲಕ್ಕೆ ಕೊಕ್ಕೆ ಹಾಕಿ ಮಾವ ಸಿಮೆಂಟು ನೆಲದ ಮೇಲೆ ಎಳೆದರು. ಮುಳ್ಳು 36ಕ್ಕೆ ಹೋದ ಮೇಲೆ ಅದು ಅಲ್ಲಾಡಿತು. ಅಲ್ಲಾಡಿದ ಮೇಲೆ 30ಕ್ಕೆ ಇಳಿಯಿತು. ಮಣೆ ಮುಗಿದ ಮೇಲೆ ಅದೇ ನೆಲದಲ್ಲಿ ಎಳೆದಾಗ ಹೊರಡೋಕೆ 6, ಹೊರಟ ಮೇಲೆ ಬರೀ 3! ವಿಜ್ಞಾನ ಪುಸ್ತಕದಲ್ಲಿ ಜಾರು ಘರ್ಷಣೆಗಿಂತ ಉರುಳು ಘರ್ಷಣೆ ಕಡಿಮೆ ಅಂತ ಓದಿ ಪರೀಕ್ಷೆಯಲ್ಲಿ ಬರೆದಿದ್ದೆವು. ಹತ್ತು ಪಾಲು ಕಡಿಮೆ ಆಗುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಈಗ ಚಕ್ರದ ವಿಷಯ. ಇದೇ ಮುಖ್ಯ, ಇದಕ್ಕೇ ಮೂರು ದಿನ ಚರ್ಚೆ ಆಯಿತು. ಗ್ಯಾರೇಜಲ್ಲಿ ಹಳೇ ಬೇರಿಂಗುಗಳು ಡಬ್ಬಿಗಟ್ಟಲೆ ಇದ್ದವು. ನಮ್ಮೂರ ಹುಡುಗರು ಮಾಡುವ ಬೇರಿಂಗ್ ಗಾಡಿ ಥರ ಅವನ್ನೇ ಹಾಕೋಣ, ದುಡ್ಡು ಉಳಿಯುತ್ತೆ ಅಂತ ಮಾವ ಒಂದು ಹಲಗೆಗೆ ಸಿಕ್ಕಿಸಿ ನೋಡಿದರು. ನೇರಕ್ಕೆ ಜೋರಾಗಿ ಓಡಿತು. ಆದರೆ ತಿರುಗಿಸೋಕೆ ಬರಲ್ಲ, ಮತ್ತೆ ನೆಲದಲ್ಲಿ ಒಂದು ಬಿರುಕು ಸಿಕ್ಕಿದ ತಕ್ಷಣ ಗಕ್ಕಂತ ನಿಂತು ಹಲಗೆ ಮುಗ್ಗರಿಸಿತು. ಮೇಲೆ ಭಾರ ಇದ್ದಿದ್ದರೆ ಉರುಳಿಬೀಳುತ್ತಿತ್ತು. ಚಿಕ್ಕ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತೆ, ದೊಡ್ಡ ಚಕ್ರ ಅದರ ಮೇಲೆ ದಾಟುತ್ತೆ. ಎತ್ತಿನ ಗಾಡಿಗೆ ಆಳೆತ್ತರದ ಚಕ್ರ ಯಾಕೆ ಇಡ್ತಿದ್ದರು ಅಂತ ನನಗೆ ಅವತ್ತು ಗೊತ್ತಾಯಿತು. ಆದರೆ ತೀರಾ ದೊಡ್ಡದು ಹಾಕಿದರೆ ಮಣೆ ಎತ್ತರ ಆಗಿ ವಾಲುತ್ತೆ, ಗಾಡಿ ಕೆಳಗೆ ತೂರೋದೂ ಇಲ್ಲ. ಕಡೆಗೆ ನಾಲ್ಕು ಇಂಚಿನ ಚಕ್ರ ಅಂತ ತೀರ್ಮಾನ ಮಾಡಿ ಎಸ್.ಜೆ.ಪಿ. ರಸ್ತೆಗೆ ಹೋಗಿ ತಂದೆವು. ಎರಡು ನೇರ ಓಡುವವು, ಎರಡು ಸುತ್ತಲೂ ತಿರುಗುವವು. ನಾಲ್ಕೂ ತಿರುಗುವ ಚಕ್ರ ಆದರೆ ಇಕ್ಕಟ್ಟಿನಲ್ಲಿ ಅನುಕೂಲ, ಆದರೆ ಇಳಿಜಾರಿನಲ್ಲಿ ಹಸುವಿನ ಕರು ಹಾಗೆ ತನಗೆ ಬಂದ ಕಡೆ ಹೋಗುತ್ತೆ ಅಂದರು ಮಾವ.

ಒಂದೊಂದು ಚಕ್ರಕ್ಕೂ ಇಷ್ಟು ಭಾರ ತಡೆಯುತ್ತೆ ಅಂತ ಇರುತ್ತೆ. ನಮ್ಮದು 75 ಕೆ.ಜಿ. ನಾನು 75ನ್ನ ನಾಲ್ಕರಿಂದ ಗುಣಿಸೋಕೆ ಹೋದಾಗ ಅಂಗಡಿಯವರು ತಡೆದು, "ಮೂರರಿಂದ ಮಾಡಮ್ಮ" ಅಂದರು. ಯಾಕೆ ಹೇಳಿ? ನಮ್ಮ ತರಗತಿಯ ಕಿಟಕಿ ಪಕ್ಕದ ಬೆಂಚು ನೆನಪಿಸಿಕೊಳ್ಳಿ. ನಾಲ್ಕು ಕಾಲಿದ್ದರೂ ಮೂರು ಮಾತ್ರ ನೆಲಕ್ಕೆ ತಾಗಿ ನಾಲ್ಕನೆಯದು ಕುಣಿಯುತ್ತಿರುತ್ತೆ. ನೆಲ ಏರುಪೇರಾದರೆ ಮಣೆಯದೂ ಅದೇ ಕಥೆ. ಮೂರರಿಂದ ಗುಣಿಸಿದರೆ 225 ಕೆ.ಜಿ. ಆದರೂ ನಮ್ಮ 68ಕ್ಕೆ ಧಾರಾಳ.

ಮರ ಪುಕ್ಕಟೆ ಅನ್ನೋ ಹಾಗೆ ಸಿಕ್ಕಿತು. ಹಿಂದಿನ ಬೀದಿಯಲ್ಲಿ ಒಂದು ಹಳೇ ಮನೆ ಕೆಡವುತ್ತಿದ್ದರು. ಅದರ ಬಾಗಿಲ ಚೌಕಟ್ಟು ಹೊನ್ನೆ ಮರದ್ದು, ಮೊಳೆ ಹೊಡೆದರೆ ಮೊಳೆಯೇ ಬಗ್ಗುವಷ್ಟು ಗಟ್ಟಿ. ಅದರಲ್ಲಿ ಮೂರಿಂಚು ಅಗಲ ಎರಡಿಂಚು ದಪ್ಪದ ಪಟ್ಟಿ ಕುಯ್ಯಿಸಿ ಎರಡಡಿ ಉದ್ದ, ಒಂದೂವರೆ ಅಡಿ ಅಗಲದ ಚೌಕಟ್ಟು ಮಾಡಿದೆವು. ಮೂಲೆಯಲ್ಲಿ ಎರಡು ಮರ ಕೂಡುವ ಕಡೆ ಎರಡರಲ್ಲೂ ಅರ್ಧರ್ಧ ದಪ್ಪ ಕೊರೆದು ಒಂದರೊಳಗೆ ಒಂದು ಕೂರಿಸಬೇಕು. ಆಗ ಭಾರ ಮರದ ಮೇಲೆ ಕೂರುತ್ತೆ, ಬೋಲ್ಟಿನ ಮೇಲೆ ಬೀಳಲ್ಲ. ಮಧ್ಯೆ ಇನ್ನೊಂದು ಅಡ್ಡಪಟ್ಟಿ. ಚೌಕಟ್ಟು ಸೊಟ್ಟ ಇದ್ದರೆ ಚಕ್ರ ಒಂದೊಂದು ಒಂದೊಂದು ದಿಕ್ಕಿಗೆ ಎಳೆಯುತ್ತೆ. ಬಡಗಿ ಮೂಲೆಮಟ್ಟ ತಂದಿರಲಿಲ್ಲ. ನಾನು 24ರ ವರ್ಗ 576, 18ರ ವರ್ಗ 324, ಕೂಡಿದರೆ 900, ಅದರ ವರ್ಗಮೂಲ 30, ಅದಕ್ಕೆ ಮೂಲೆಯಿಂದ ಮೂಲೆಗೆ ಸರಿಯಾಗಿ 30 ಇಂಚು ಬರಬೇಕು ಅಂದೆ. ಒಂದು ಕರ್ಣ 30ಕ್ಕಿಂತ ಸ್ವಲ್ಪ ಜಾಸ್ತಿ ಬಂತು, ಇನ್ನೊಂದು ಅದಕ್ಕಿಂತ ಅರ್ಧ ಇಂಚು ಕಡಿಮೆ. ಬಡಗಿ ಒಂದು ಏಟು ತಟ್ಟಿ ಸರಿಮಾಡಿದರು. ಪೈಥಾಗೊರಸ್ಸನ ಉಪಯೋಗ ಇಷ್ಟು ಬೇಗ ಆಗುತ್ತೆ ಅಂತ ಗಣಿತದ ಮೇಷ್ಟ್ರಿಗೆ ಹೇಳಿದ್ದೇನೆ.

ಮೊಳೆ ಹೊಡೆಯಬಾರದು. ಮಣೆ ಅಲುಗಾಡಿ ಅಲುಗಾಡಿ ಮೊಳೆ ಸಡಿಲವಾಗಿ ಎದ್ದುಬರುತ್ತೆ. ತೂತು ಕೊರೆದು ಬೋಲ್ಟು ತೂರಿಸಿ, ಎರಡೂ ಕಡೆ ಅಗಲ ವಾಷರು ಹಾಕಿ ನಟ್ಟು ಬಿಗಿಯಬೇಕು. ವಾಷರು ಇಲ್ಲದಿದ್ದರೆ ಬೋಲ್ಟಿನ ತಲೆ ಮರದೊಳಕ್ಕೆ ಇಳಿಯುತ್ತೆ. ತೂತು ಅಂಚಿಗೆ ತೀರಾ ಹತ್ತಿರ ಇದ್ದರೆ ಮರ ಸೀಳುತ್ತೆ.

ಮೇಲೆ ಬರೀ ಹಲಗೆ ಹೊಡೆದರೆ ಸಾಲದು. ಗೇರ್‌ಬಾಕ್ಸಿನ ಒಂದು ತುದಿ ಗಂಟೆ ಹಾಗೆ ಅಗಲ, ಇನ್ನೊಂದು ತುದಿ ಸಣ್ಣ, ತಳ ಗುಂಡಗೆ. ಸಮ ಹಲಗೆ ಮೇಲೆ ಇಟ್ಟರೆ ಕುಂಬಳಕಾಯಿ ಥರ ಹೊರಳುತ್ತೆ. ಹಾಗಾಗಿ ರಟ್ಟಿನಲ್ಲಿ ಅದರ ತಳದ ಆಕಾರ ಕತ್ತರಿಸಿಕೊಂಡು, ಅದೇ ಆಕಾರಕ್ಕೆ ಎರಡು ದಪ್ಪ ಮರದ ತುಂಡು ಕೊರೆಸಿ, ಮೇಲೆ ಹಳೇ ಟೈರಿನ ತುಂಡು ಹೊದಿಸಿದೆವು. ಭಾರವಾದ ತುದಿ ಮಣೆಯ ಮಧ್ಯಕ್ಕೆ ಬರುವ ಹಾಗೆ ಆ ತುಂಡುಗಳನ್ನ ಕೂರಿಸಿದ್ದು. ಮೇಲಿಂದ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದರೆ ಆಯಿತು. ಪಕ್ಕದಲ್ಲಿ ಚಿತ್ರ ಬರೆದಿದ್ದೇನೆ, ನೋಡಿ.

ಇನ್ನು ಮಣೆ ಮೇಲೆ ಹತ್ತಿಸೋದು ಹೇಗೆ? ಅದಕ್ಕೂ ಮತ್ತೆ ಎತ್ತಬೇಕಾದರೆ ಮಣೆ ಮಾಡಿ ಏನು ಬಂತು! ಗಾಡಿಯಿಂದ ಇಳಿಸುವಾಗ ಮುಂಭಾಗ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸುತ್ತಾರೆ. ಬರೀ ಜಾಕಿ ಮೇಲೆ ನಿಂತ ಗಾಡಿ ಕೆಳಗೆ ಮಾವ ಯಾರನ್ನೂ ಬಿಡಲ್ಲ, ಎಣ್ಣೆ ಸೋರಿದರೆ ಜಾಕಿ ಕುಸಿಯುತ್ತೆ. ಆಮೇಲೆ ಸೀಟು ತೆಗೆದು, ಮೇಲಿಂದ ಅಡ್ಡಕಂಬ ಹಾಕಿ, ಚೈನ್ ಪುಲ್ಲಿಯಲ್ಲಿ ಗೇರ್‌ಬಾಕ್ಸನ್ನು ನಿಧಾನವಾಗಿ ನೇರ ಮಣೆ ಮೇಲೇ ಇಳಿಸುವುದು. ನೆಲದ ಮೇಲೆ ಬಿದ್ದಿರುವುದಾದರೆ ಹಾರೆ ಬೇಕು. ಅರವತ್ತು ಇಂಚಿನ ಹಾರೆಗೆ ತುದಿಯಿಂದ ಆರು ಇಂಚಿಗೆ ಒಂದು ಮರದ ತುಂಡು ಆಧಾರ ಕೊಟ್ಟರೆ ಈ ಕಡೆ 54 ಇಂಚು ಉಳಿಯುತ್ತೆ, ಅಂದರೆ ಒಂಬತ್ತು ಪಾಲು. ಒಂದು ಬದಿಯ 34 ಕೆ.ಜಿ. ಏಳೋಕೆ ನಾಲ್ಕು ಕೆ.ಜಿ.ಯಷ್ಟು ಒತ್ತಿದರೆ ಸಾಕು. ಒಂದೊಂದೇ ಬದಿ ಮೀಟಿ ಕೆಳಗೆ ಮರದ ತುಂಡು ಜೋಡಿಸುತ್ತಾ ಮಣೆಯ ಎತ್ತರಕ್ಕೆ ತಂದು, ಪಕ್ಕಕ್ಕೆ ಸರಿಸುವುದು. ಸಮಯ ಹಿಡಿಯುತ್ತೆ, ಕಾಲು ಉಳಿಯುತ್ತೆ.

ಚಕ್ರ ಇದೆ ಅಂದರೆ ತಾನಾಗೇ ಓಡುವ ಅಪಾಯವೂ ಇದೆ. ಗ್ಯಾರೇಜಿನ ನೆಲ ಬೀದಿ ಕಡೆಗೆ ಇಳಿಜಾರು. ತೇರು ಎಳೆಯುವಾಗ ಚಕ್ರಕ್ಕೆ ಮರದ ತುಂಡು ಕೊಟ್ಟು ನಿಲ್ಲಿಸುತ್ತಾರಲ್ಲ, ಹಾಗೆ ಎರಡು ತುಂಡನ್ನ ಹಗ್ಗದಲ್ಲಿ ಮಣೆಗೇ ಕಟ್ಟಿಬಿಟ್ಟಿದ್ದೇವೆ, ಕಳೆಯಬಾರದು ಅಂತ. ಇಳಿಜಾರಲ್ಲಿ ಮಣೆಯ ಮುಂದೆ ಯಾರೂ ನಿಲ್ಲೋ ಹಾಗಿಲ್ಲ, ಹಿಂದಿನಿಂದ ಹಗ್ಗ ಹಿಡಿದು ಬಿಡಬೇಕು.

ಇದೇ ಲೆಕ್ಕ ದೊಡ್ಡ ಮಟ್ಟದಲ್ಲಿ ಆದದ್ದೂ ಅಲ್ಲೇ ಹತ್ತಿರದಲ್ಲಿ. ಕೋರಮಂಗಲದ ಆಚೆ ಇರುವ ಈಜೀಪುರದ ಕೋದಂಡರಾಮ ದೇವಸ್ಥಾನಕ್ಕೆ ತಮಿಳುನಾಡಿನ ವಂದವಾಸಿ ಕಡೆಯಿಂದ ಒಂದು ದೊಡ್ಡ ವಿಗ್ರಹದ ಕಲ್ಲು ತಂದರು. 2018ರ ಕೊನೆಗೆ ಹೊರಟಿದ್ದು, ಬಂದು ಸೇರಿದ್ದು 2019ರಲ್ಲಿ. ಮುನ್ನೂರು ಟನ್ನಿಗೂ ಜಾಸ್ತಿ ತೂಕ, ತಂದ ಗಾಡಿಗೆ 240 ಚಕ್ರ! 300ನ್ನ 240ರಿಂದ ಭಾಗಿಸಿದರೆ ಒಂದು ಚಕ್ರಕ್ಕೆ ಒಂದೂಕಾಲು ಟನ್ನು, ಗಾಡಿಯ ಸ್ವಂತ ತೂಕ ಬೇರೆ. ಅಷ್ಟು ಚಕ್ರಕ್ಕೆ ಹಂಚಿದರೂ ದಾರಿಯಲ್ಲಿ ಟೈರು ಒಡೆದವು. ಮಾವ ಹೋಗಿ ನೋಡಿ ಬಂದಿದ್ದರಂತೆ. ಕಲ್ಲಿಗಿಂತ ಟೈರುಗಳನ್ನೇ ಜಾಸ್ತಿ ಹೊತ್ತು ನೋಡಿದೆ ಅಂದರು.

ಆಯುಧಪೂಜೆ ದಿನ ಜಾಕಿ, ಸ್ಪ್ಯಾನರುಗಳ ಜೊತೆ ಮಣೆಗೂ ಅರಿಶಿನ ಕುಂಕುಮ ಹಚ್ಚಿದೆವು. ಕಾಲಿಗೆ ಪೆಟ್ಟಾದ ಅಣ್ಣನೂ ಕುಂಟುತ್ತಾ ಬಂದಿದ್ದರು. ಪೂಜೆ ಆದ ಮೇಲೆ ಕೂತಲ್ಲಿಂದಲೇ ಒಂದು ಕೈಯಲ್ಲಿ ಹಗ್ಗ ಎಳೆದು ಗೇರ್‌ಬಾಕ್ಸನ್ನ ತಮ್ಮ ಹತ್ತಿರಕ್ಕೆ ಬರಮಾಡಿಕೊಂಡರು. ಏನೂ ಮಾತಾಡಲಿಲ್ಲ, ಬೋಲ್ಟುಗಳನ್ನ ಒಂದೊಂದಾಗಿ ಮುಟ್ಟಿ ನೋಡಿದರು. ಒಂದು ಸಡಿಲ ಇತ್ತು, ಬಿಗಿ ಮಾಡಿದರು. ಹೊಸ ಮರವಾಗಲಿ ಹಳೇದಾಗಲಿ ಮೊದಲ ವಾರ ಬೋಲ್ಟು ಸಡಿಲ ಆಗುತ್ತಂತೆ. ಈಗ ಶನಿವಾರ ಶನಿವಾರ ಅದನ್ನ ನೋಡೋದು, ಚಕ್ರಕ್ಕೆ ಸುತ್ತಿಕೊಂಡ ದಾರ, ಚಿಂದಿ ಬಿಡಿಸೋದು ಅವರದೇ ಕೆಲಸ ಅಂತ ಮಾವ ಫೋನಲ್ಲಿ ಹೇಳಿದರು.

ಊರಿಗೆ ಬಂದ ಮೇಲೆ ನಾನು ನಮ್ಮ ಶಾಲೆಯ ಬಿಸಿಯೂಟದ ಅಕ್ಕಿ ಮೂಟೆ ನೋಡಿದೆ. 50 ಕೆ.ಜಿ. ಅಡುಗೆ ಅಕ್ಕಂದಿರು ಅದನ್ನ ಕೊಠಡಿಯಿಂದ ಅಡುಗೆಮನೆಗೆ ಎಳೆದುಕೊಂಡು ಹೋಗುತ್ತಾರೆ. ಮೂಟೆ ಹೊರಳಲ್ಲ, ಅದಕ್ಕೆ ಆಕಾರದ ತುಂಡು ಬೇಕಿಲ್ಲ, ಬರೀ ಸಮ ಮಣೆ ಸಾಕು. ಟೇಪು ಹಿಡಿದು ಅಳೆದಿದ್ದೇನೆ. ಕೊಠಡಿಯಿಂದ ಅಡುಗೆಮನೆಗೆ 42 ಅಡಿ, ಅದರಲ್ಲಿ 30 ಅಡಿ ಸಿಮೆಂಟು ಜಗಲಿ, 12 ಅಡಿ ಮಣ್ಣು. ಮಣ್ಣಿನಲ್ಲಿ ನಾಲ್ಕಿಂಚಿನ ಚಕ್ರ ಹೂತುಕೊಳ್ಳುತ್ತೆ, ಅಲ್ಲಿಗೆ ಹಲಗೆ ಹಾಸಬೇಕು. ಅಡುಗೆಮನೆ ಹೊಸ್ತಿಲು ಮೂರು ಇಂಚು ಎತ್ತರ ಇದೆ, ಅದಕ್ಕೂ ಒಂದು ಇಳಿಜಾರು ಹಲಗೆ ಬೇಕು. ನಮ್ಮೂರ ಬಡಗಿ ತಾತ ಮರ ಇದ್ದರೆ ಕೂಲಿ ಬೇಡ ಅಂದಿದ್ದಾರೆ. ಯಾರ ಮನೆಯಲ್ಲಾದರೂ ಹಳೇ ಬಾಗಿಲ ಚೌಕಟ್ಟು ಬಿದ್ದಿದ್ದರೆ ನನಗೆ ತಿಳಿಸಿ.

7ನೇ ತರಗತಿ